ಬೆಡ್ಡೋಮರ ಜರೀಗಿಡಗಳ ಕೈಪಿಡಿ

ಹೂವಿಲ್ಲದ, ಕಾಯಿಲ್ಲದ, ಬೀಜವಿಲ್ಲದ ಗಿಡವನ್ನು ಗುರುತಿಸುವುದೆಂತು? ಮುಂಗಾರು ಹಿಡಿದೊಡನೆ ಮಲೆನಾಡಿನ ಪಾಗಾರದ ಸಂದುಗಳಲ್ಲಿಯೂ ತೋಡಿನ ಅಂಚುಗಳಲ್ಲಿಯೂ ಸುರುಳಿ ಬಿಚ್ಚಿ ನಿಲ್ಲುವ ಜರೀಗಿಡಗಳ ಮುಂದೆ ಈ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಹೇಳಹೊರಟ ಗ್ರಂಥಗಳಲ್ಲಿ ಕರ್ನಲ್ ಬೆಡ್ಡೋಮರು 1883ರಲ್ಲಿ ಹೊರಗೆಡವಿದ ಆಂಗ್ಲ ಕೈಪಿಡಿಯು ಗಣ್ಯವಾದುದು. ಬ್ರಿಟಿಷ್ ಇಂಡಿಯಾ, ಸಿಂಹಳ, ಮಲಯ ಪರ್ಯಾಯದ್ವೀಪ ಇವುಗಳ ಜರೀಗಿಡಗಳನ್ನು 300 ಚಿತ್ರಗಳೊಡನೆ ಅದು ವರ್ಣಿಸುತ್ತದೆ. 1892ರಲ್ಲಿ ಅದಕ್ಕೊಂದು ಅನುಬಂಧವೂ ಬಂದಿತು. ಗ್ರಂಥಕರ್ತರು ಮದರಾಸು ಪ್ರಾಂತದ ಅರಣ್ಯ ಇಲಾಖೆಯ ಅಧಿಕಾರಿಗಳಾಗಿ ಆನೆಮಲೆ, ನೀಲಗಿರಿ, ವೈನಾಡುಗಳ ಕಾಡುಗಳನ್ನು ಕಾಲಿನಿಂದ ಅಳೆದವರು. ಒಣಗಿಸಿಟ್ಟ ಎಲೆಗಳನ್ನು ಮಾತ್ರ ಕಂಡವರ ಬರವಣಿಗೆಗೂ ಇವರ ಬರವಣಿಗೆಗೂ ಇರುವ ಅಂತರವನ್ನು ವಾಚಕರು ಬೇಗನೆ ಕಾಣುವರು.

ಈ ಗ್ರಂಥದ ಉಪಕಾರವೆಂದರೆ ಎಲೆಯನ್ನು ಮಗುಚಿ ನೋಡುವ ಅಭ್ಯಾಸವನ್ನು ಕಲಿಸುವುದು. ಬಲಿತ ಎಲೆಯ ಬೆನ್ನಿನಲ್ಲಿರುವ ಕಂದು ಚುಕ್ಕೆಗಳನ್ನೂ ಗೆರೆಗಳನ್ನೂ ಅರಿಯದವರು ರೋಗವೆಂದೋ ಹುಳದ ಮೊಟ್ಟೆಯೆಂದೋ ಭಾವಿಸಿ ಎಸೆದುಬಿಡುವುದುಂಟು. ಅವು ಬೀಜಾಣುಗಳ ಚೀಲಗಳು ಒತ್ತಾಗಿ ಸೇರಿದ ಪುಂಜಗಳು. ಪುಂಜವು ದುಂಡಗಿದೆಯೇ, ನೀಳವಾಗಿದೆಯೇ, ಅದಕ್ಕೆ ಮುಚ್ಚಳವಿದೆಯೇ, ನರದ ಮೇಲಿದೆಯೇ, ಅಂಚಿನಲ್ಲಿದೆಯೇ ಎಂಬ ವಿಚಾರಣೆಯಿಂದ ಕುಲವು ತಿಳಿಯುತ್ತದೆ. ಕರಿಯ ಹೊಳಪಿನ ಕಡ್ಡಿಯುಳ್ಳ ಅಡಿಯಾಂಟಮ್ಮಿನಲ್ಲಿಯೂ ಪ್ಟೆರಿಸ್ಸಿನಲ್ಲಿಯೂ ಎಲೆಯ ಅಂಚು ಒಳಕ್ಕೆ ಮಡಿಚಿಕೊಂಡಿರುತ್ತದೆ. ಆದರೆ ಮೊದಲನೆಯದರಲ್ಲಿ ಚೀಲಗಳು ಮಡಿಚಿದ ಅಂಚಿನ ಮೇಲೆಯೇ ಹುಟ್ಟುತ್ತವೆ. ಎರಡನೆಯದರಲ್ಲಿ ಆ ಮಡಿಕೆಯ ಮರೆಯಲ್ಲಿ, ಎಲೆಯ ಮೇಲೆ ಹುಟ್ಟುತ್ತವೆ. ಸೂಜಿಯ ಮೊನೆಯಿಂದ ಅಂಚನ್ನು ಬಿಡಿಸಿ ಭೂತಕನ್ನಡಿ ಹಿಡಿದರೆ ಹತ್ತು ವರುಷದ ಬಾಲಕನೂ ಇದನ್ನು ಕಾಣಬಲ್ಲನು.

ಬೆಡ್ಡೋಮರು ಪುಂಜದೊಡನೆ ನರಗಳ ಜೋಡಣೆಗೂ ಬಹಳ ಬೆಲೆ ಕೊಟ್ಟರು. ಹೂಕರ್, ಬೇಕರ್ ಎಂಬ ಕ್ಯೂ ಉದ್ಯಾನದ ಪಂಡಿತರು 1868ರ ತಮ್ಮ ಗ್ರಂಥದಲ್ಲಿ ಅನೇಕ ಕುಲಗಳನ್ನು ಪಾಲಿಪೋಡಿಯಮ್ ಎಂಬ ಒಂದೇ ಗೋಣಿಗೆ ತುಂಬಿದ್ದರು. ಮರಗಳ ಮೇಲೆ ಬೆಳೆದು, ಒಣಗಿದ ಕಂದು ಎಲೆಗಳಿಂದ ಗೂಡು ಕಟ್ಟಿಕೊಂಡು, ಅದರಲ್ಲಿ ಕಸವನ್ನೂ ತೇವವನ್ನೂ ಕೂಡಿಡುವ ಡ್ರೈನೇರಿಯವೂ ಅಲ್ಲಿಯೇ ಸಿಕ್ಕಿಕೊಂಡಿತ್ತು. ಬೆಡ್ಡೋಮರು ಅದನ್ನು ಬೇರೆ ಕುಲವಾಗಿಯೇ ಇರಿಸಿದರು. ಇಂದಿನ ವಿದ್ವಾಂಸರೂ ಹಾಗೆಯೇ ಇರಿಸುತ್ತಾರೆ. ಆದರೆ ಅದೇ ತತ್ತ್ವವು ಬೇರೆಡೆ ಅವರನ್ನು ದಾರಿ ತಪ್ಪಿಸಿತು. ತಿನ್ನುವ ಜರೀಗಿಡದ ನರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆಂಬ ಕಾರಣದಿಂದ ಅದನ್ನು ಡಿಪ್ಲೇಜಿಯಮ್ಮಿನಿಂದ ಕಿತ್ತು ಅನಿಸೊಗೋನಿಯಮ್ ಎಂಬ ಕುಲಕ್ಕೆ ಸೇರಿಸಿದರು. ಆ ಕುಲವು ನಿಲ್ಲಲಿಲ್ಲ. ಗಿಡವು ಡಿಪ್ಲೇಜಿಯಮ್ಮಿಗೇ ಹಿಂದಿರುಗಿದೆ.

ಸಂಬಂಧಗಳ ವಿಷಯದಲ್ಲಿ ಎಡವಿದವರು ಇವರೊಬ್ಬರೇ ಅಲ್ಲ. ಬೇಕರರು 1887ರಲ್ಲಿ 'ಜರೀಗಿಡಗಳ ಬಂಧುಗಳು' ಎಂಬರ್ಥದ ಹೆಸರಿನಿಂದ ಬರೆದ ಕೈಪಿಡಿಯಲ್ಲಿ ಎಕ್ವಿಸೀಟಮ್, ಲೈಕೊಪೋಡಿಯಮ್, ಸೆಲಾಜಿನೆಲ್ಲಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಎಕ್ವಿಸೀಟಮ್ ಜರೀಗಿಡಗಳ ಮನೆಯದೇ ಎಂದು 2001ರಲ್ಲಿ ಪ್ರಕಟವಾದ ವಂಶವಾಹಿಗಳ ಪರಿಶೋಧನೆಯು ತೋರಿಸಿತು. ಉಳಿದೆರಡು ಬಹು ಪುರಾತನವಾದ ಬೇರೊಂದು ಕವಲಿನವು. ಸೆಲಾಜಿನೆಲ್ಲಕ್ಕಿಂತ ನಮ್ಮ ಮಾವಿನ ಮರವೇ ಜರೀಗಿಡಕ್ಕೆ ಹತ್ತಿರದ ನೆಂಟನೆಂದರೆ ಕೇಳಿದವರು ನಗಬಹುದು, ಆದರೆ ಅದು ದಿಟ.

ಇವೆಲ್ಲ ಪಂಡಿತರ ವ್ಯಾಜ್ಯ. ಗೃಹಸ್ಥರ ದೃಷ್ಟಿಯಿಂದ ನೋಡಿದರೆ ಕೈಪಿಡಿಯ ನಿಜವಾದ ಕೊರತೆ ಬೇರೆಯಿದೆ. ಕೊಡಗಿನಲ್ಲಿ ತೆರ್ಮೆ ತೊಪ್ಪೆಂದು ಮಳೆಗಾಲದಲ್ಲಿ ಅಡುಗೆಗೆ ಕೊಯ್ದು ತರುವುದು ಆ ಡಿಪ್ಲೇಜಿಯಮ್ಮಿನ ಎಳೆಯ ಸುರುಳಿಗಳನ್ನೇ. ಮಲೆಗಳ ಬಯಲು ಇಳಿಜಾರುಗಳಲ್ಲಿ ಬ್ರೇಕನ್ ಎಂಬ ಇನ್ನೊಂದು ಜರೀಗಿಡವುಂಟು. ಬೆಡ್ಡೋಮರಿಗೆ ಅದು ಪ್ಟೆರಿಸ್ ಅಕ್ವಿಲೀನ, ಇಂದಿನವರಿಗೆ ಪ್ಟೆರಿಡಿಯಮ್. ಅದರಲ್ಲಿ ವಿಷವಿದೆ. ಮೇದ ದನಗಳು ರಕ್ತಸ್ರಾವದಿಂದಲೂ ಮೂತ್ರಕೋಶದ ಗಂತಿಗಳಿಂದಲೂ ನರಳುತ್ತವೆ. ಮನುಷ್ಯರಲ್ಲಿಯೂ ಅರ್ಬುದವನ್ನುಂಟುಮಾಡಬಹುದಾದ ವಸ್ತುಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು 1987ರಲ್ಲಿ ಅದನ್ನು ಸೇರಿಸಿದೆ. ಸೊಪ್ಪು ಕೊಯ್ಯುವವರ ಕೈಗೆ ಸಿಗುವುದು ಎಳೆಯ ಸುರುಳಿ. ಕೈಪಿಡಿಯು ಕೇಳುವುದು ಬಲಿತ ಎಲೆಯ ಬೆನ್ನು. ಸುರುಳಿಯಲ್ಲಿ ಪುಂಜವೆಲ್ಲಿಂದ ಬರಬೇಕು? ಬುಡ, ಬೇರು, ಹೊಟ್ಟುಗಳ ವಿಷಯವನ್ನು ಗ್ರಂಥಕರ್ತರು ವರ್ಣನೆಗಳಲ್ಲಿ ಹೇಳದೆ ಬಿಟ್ಟವರಲ್ಲ. ಆದರೆ ಕುಲದ ಬಾಗಿಲನ್ನು ಪುಂಜ ಮತ್ತು ನರಗಳಿಂದಲೇ ತೆರೆಯುವುದರಿಂದ, ಎಳೆಯ ಗಿಡ ಹಿಡಿದವನು ಹೊರಗೆಯೇ ನಿಲ್ಲಬೇಕಾಗುತ್ತದೆ.

ಕನ್ನಡದಲ್ಲಿ ಇಂತಹ ಗ್ರಂಥವನ್ನು ಬರೆಯುವವರು ಮೊದಲು ಬುಡವನ್ನೇ ಹಿಡಿಯಬೇಕೆಂದು ನಮ್ಮ ಅಭಿಪ್ರಾಯ. ತೆರ್ಮೆಯು ತೋಡಿನ ಬದಿಯ ತೇವದ ನೆಲದಲ್ಲಿ ಒಂದೇ ಬುಡದಿಂದ ಹಲವು ಎಲೆಗಳನ್ನು ಗುಂಪಾಗಿ ಎತ್ತುತ್ತದೆ; ಕಡ್ಡಿಯ ಬುಡದಲ್ಲಿ ಚಪ್ಪಟೆಯಾದ ಕಂದು ಹೊಟ್ಟುಗಳಿರುತ್ತವೆ. ಬ್ರೇಕನ್ನಿನ ಕಾಂಡವು ನೆಲದೊಳಗೆ ಬಹುದೂರ ಹರಿದು, ಎಲೆಗಳನ್ನು ಅಲ್ಲೊಂದು ಇಲ್ಲೊಂದಾಗಿ ಮೇಲಕ್ಕೆ ಕಳಿಸುತ್ತದೆ. ಅದರ ಸುರುಳಿಯ ಮೈಮೇಲೆ ಕೂದಲುಂಟು, ಹೊಟ್ಟಿಲ್ಲ.