ಬೊಮ್ಮನೂ ಬೆನ್ ಯಿಜುವೂ: ಒಂದು ಗ್ರಂಥವಿಮರ್ಶೆ

ಶ್ರೀ ಅಮಿತಾವ್ ಘೋಷ್ ಅವರು 1992ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಪಡಿಸಿದ ‘ಇನ್ ಆನ್ ಆ್ಯಂಟೀಕ್ ಲ್ಯಾಂಡ್’ ಎಂಬ ಗ್ರಂಥವು ಹೊಸತೇನೂ ಅಲ್ಲ. ಆದರೂ ಇದನ್ನು ಈಗ ವಾಚಕರ ಮುಂದಿಡಲು ಒಂದು ಕಾರಣವುಂಟು. ವಸ್ತಾರೆ, ಮೂಡಿಗೆರೆ, ಕಳಸಗಳ ನಮ್ಮ ಮಲೆಗಳಿಂದ ಚಾರ್ಮಾಡಿ ಘಟ್ಟವನ್ನಿಳಿದರೆ ಸಿಕ್ಕುವ ಮಂಗಳೂರು ಪಟ್ಟಣದಲ್ಲಿ, ಎಂಟುನೂರ ತೊಂಬತ್ತು ವರ್ಷಗಳ ಹಿಂದೆ ಒಬ್ಬ ಯೆಹೂದ್ಯ ವರ್ತಕನು ಮನೆ ಹೂಡಿ ಸಂಸಾರ ನಡೆಸಿದ ವೃತ್ತಾಂತವೇ ಇದರ ಜೀವಾಳ. ಕಡಲಿನ ಕತೆಯೆಂದು ಮಲೆನಾಡಿನವರು ಇದನ್ನು ಬದಿಗಿಟ್ಟುಬಿಟ್ಟಿದ್ದೇವೆ. ಅದು ತಪ್ಪೆಂಬುದೇ ನನ್ನ ವಾದ.

ವೃತ್ತಾಂತವು ದೊರೆತದ್ದು ಮಂಗಳೂರಿನಲ್ಲಲ್ಲ. ಈಜಿಪ್ಟಿನ ಕೈರೋ ಮಹಾನಗರದಲ್ಲಿ. ಅಲ್ಲಿನ ಫುಸ್ತಾತ್ ಎಂಬ ಹಳೆಯ ಕೇರಿಯಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ಟ್ಯುನೀಸಿಯ, ಸಿಸಿಲಿ, ಪ್ಯಾಲೆಸ್ಟೈನ್ ಮೊದಲಾದ ಕಡೆಗಳಿಂದ ವಲಸೆ ಬಂದ ಕುಟುಂಬಗಳು ಆ ಸುತ್ತಿನಲ್ಲಿ ನೆಲೆಸಿದ್ದುವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ನಿಷ್ಠೆಯಿಂದ, ಬೇಡವಾದ ಕಾಗದಗಳನ್ನೆಲ್ಲ ಅವರು ಮಂದಿರದ ಒಂದು ಕತ್ತಲೆ ಕೋಣೆಗೆ ಹಾಕುತ್ತ ಬಂದರು. ಇದಕ್ಕೆ ‘ಗೆನಿಜಾ’ ಎಂದು ಹೆಸರು. ಶಾಸ್ತ್ರಗ್ರಂಥಗಳಲ್ಲದೆ ಮದುವೆಯ ಕರಾರು, ಸಾಲಪತ್ರ, ಬಳುವಳಿಯ ಪಟ್ಟಿ, ವ್ಯಾಪಾರದ ಓಲೆಗಳೂ ಅಲ್ಲಿ ಬಿದ್ದುವು. 1896–97ರಲ್ಲಿ ಸಾಲೊಮನ್ ಷೆಕ್ಟರ್ ಎಂಬ ಪಂಡಿತರು ಇದರ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಸುಮಾರು 1,90,000 ತುಣುಕುಗಳು. ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಇವುಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಆಯ್ದು ಜೀವಮಾನವೆಲ್ಲ ಓದಿದರು.

ಅಬ್ರಹಾಂ ಬೆನ್ ಯಿಜು ಹುಟ್ಟಿದ್ದು ಟ್ಯುನೀಸಿಯದ ಮಹ್ದಿಯಾ ಎಂಬ ರೇವಿನಲ್ಲಿ. ಏಡನ್ನಿಗೆ ಬಂದು, ಅಲ್ಲಿಂದ 1132ಕ್ಕೆ ಮುಂಚೆಯೇ ಮಂಗಳೂರನ್ನು ಸೇರಿ, 1149ರವರೆಗೆ ಈ ಕರಾವಳಿಯಲ್ಲಿಯೇ ಇದ್ದನು. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವನ ರಫ್ತಿನ ಸರಕುಗಳು. ಹಳೆಯ ತಾಮ್ರದ ಪಾತ್ರೆಗಳನ್ನು ಏಡನ್ನಿನ ಮಿತ್ರರು ಕಳುಹಿಸಿದರೆ ಕರಗಿಸಿ ಹೊಸದು ಮಾಡಿಸುವ ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದನು. ಪ್ರತಿಯಾಗಿ ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಎಲ್ಲಕ್ಕಿಂತ ಮಿಗಿಲಾಗಿ ಕಾಗದ ಬರುತ್ತಿತ್ತು. ನಮ್ಮ ಕಡೆ ಬರೆಯುವುದಕ್ಕೆ ತಾಳೆಗರಿಯಲ್ಲದೆ ಬೇರೆಯಿಲ್ಲದ ಕಾಲ. ಬಂದ ಪತ್ರಗಳ ಬೆನ್ನಮೇಲೆಯೇ ಈತನು ಲೆಕ್ಕವನ್ನೂ ತನ್ನ ಕವಿತೆಗಳ ಕರಡನ್ನೂ ಗೀಚಿಕೊಂಡನು. ಆ ಜಿಪುಣತನದಿಂದಲೇ ಎಷ್ಟೋ ಓಲೆಗಳು ಉಳಿದುವೆಂದರೆ ಅತಿಶಯೋಕ್ತಿಯಾಗದು.

ಇವನ ಆಳಿನ ಹೆಸರನ್ನು ಕಂಡುಹಿಡಿದ ಪ್ರಕರಣವು ಗ್ರಂಥದ ಅತ್ಯಂತ ರಮ್ಯವಾದ ಭಾಗ. 1942ರಲ್ಲಿ ಅಚ್ಚಾದ ಒಂದು ಓಲೆಯಲ್ಲಿ ಏಡನ್ನಿನ ಖಲಫ್ ಇಬ್ನ್ ಇಸ್ಹಾಕನು ಬೆನ್ ಯಿಜುವಿನ ಆಳಿಗೂ ಹೇರಳವಾಗಿ ಕ್ಷೇಮವನ್ನು ಕೇಳಿದ್ದಾನೆ. ಆ ಆಳಿನ ಹೆಸರು ಹೀಬ್ರೂ ಲಿಪಿಯಲ್ಲಿ ಬ, ಮ, ಹ ಎಂಬ ಮೂರಕ್ಷರ, ಸ್ವರವಿಲ್ಲ. ಗೊಯ್ಟೈನರು ‘ಬಾಮ’ ಎಂದು ಓದಿದ್ದರು. ಘೋಷ್ ಅವರು ಮಂಗಳೂರಿಗೆ ಬಂದು ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈಗಳನ್ನು ಕಂಡು ವಿಚಾರಿಸಲಾಗಿ ‘ಬೊಮ್ಮ’ ಎಂಬ ಪಾಠವು ಹೊಳೆಯಿತು. ತುಳುವರ ಬೆರ್ಮೆರನ್ನು ಬಲ್ಲವರಿಗೆ, ಬೊಮ್ಮಯ್ಯ ಬೊಮ್ಮರಸರೆಂಬ ಹೆಸರುಗಳನ್ನು ಶಾಸನಗಳಲ್ಲಿ ಕಂಡವರಿಗೆ, ಇದರಲ್ಲಿ ಸಂಶಯವೇ ತೋರದು. ಕೇಂಬ್ರಿಜ್ಜಿನ ಪಂಡಿತರಿಗೆ ಎಟುಕದಿದ್ದುದು ಊರಿನ ಭಾಷೆಯೊಂದಿಗೆ ಪರಿಚಯವಿದ್ದವರಿಗೆ ಕ್ಷಣದಲ್ಲಿ ಎಟುಕಿತು! ಈ ಬೊಮ್ಮನು ಬರಿಯ ಚಾಕರನಲ್ಲ; ಒಡೆಯನ ಮುಖ್ತ್ಯಾರನಾಗಿ ಏಡನ್ನಿಗೆ ಹೋಗಿಬರುತ್ತಿದ್ದನು. 1135ರಲ್ಲಿ ಏಡನ್ನಿಗೆ ಶತ್ರುನೌಕೆಗಳು ಮುತ್ತಿಗೆ ಹಾಕಿದಾಗ ಅಲ್ಲಿಯೇ ಇದ್ದನು. ಕುಡಿದು ಗದ್ದಲಮಾಡಿ ಹಣ ಕಿತ್ತುಕೊಂಡನೆಂಬ ದೂರೂ ಓಲೆಯಲ್ಲಿದೆ. ಇಂಥ ಒಂದು ದೂರು ಹತ್ತು ಪ್ರಶಸ್ತಿಗಳಿಗಿಂತ ಮನುಷ್ಯನನ್ನು ಹೆಚ್ಚು ಜೀವಂತವಾಗಿ ನಿಲ್ಲಿಸುತ್ತದೆ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಬೊಮ್ಮನ ದಾಸ್ಯವನ್ನು ವಿವರಿಸುವಲ್ಲಿ ಗ್ರಂಥಕರ್ತರು ವಚನಕಾರರನ್ನೂ ಸೂಫಿಗಳನ್ನೂ ಕರೆತಂದು, ದಾಸ್ಯವೆಂಬುದು ಅಂದಿನವರಿಗೆ ಭಕ್ತಿಯ ಒಂದು ರೂಪಕವೂ ಆಗಿತ್ತೆನ್ನುತ್ತಾರೆ. ಮಾತು ಚೆಲುವಾಗಿದೆ, ಆದರೆ ಶರಣನ ಕಿಂಕರತ್ವವು ಅವನೇ ಆರಿಸಿಕೊಂಡದ್ದು. ಬೊಮ್ಮನನ್ನು ಯಾರೂ ಕೇಳಲಿಲ್ಲ. ಭಕ್ತಿಯ ಹೊದಿಕೆಯನ್ನು ಹೊದಿಸಿದರೆ ಕೊಂಡುಕೊಂಡ ಆಳಿನ ಬಾಳು ಹಗುರಾಗಿ ಕಾಣುವ ಅಪಾಯವಿದೆ. ಈಜಿಪ್ಟಿನ ಹಳ್ಳಿಗಳ ಪುಟಗಳಲ್ಲಿ ಇಂಥ ಸಡಿಲವಿಲ್ಲ. ಅಲ್ಲಿ ಗ್ರಂಥಕರ್ತರು 1980ರಿಂದ ರೈತರ ಮನೆಗಳಲ್ಲಿ ವಾಸವಾಗಿದ್ದು ಅವರ ಆಡುಮಾತನ್ನು ಕಲಿತವರು; ಹಳೆಯ ಓಲೆಗಳ ಅರಬ್ಬೀ ಭಾಷೆಯು ಆ ಹಳ್ಳಿಯ ಮಾತಿಗೆ ಸಮೀಪವೆಂದು ಕಂಡುಕೊಂಡವರು. ತುಳುನಾಡಿಗೆ ಅವರು ಅತಿಥಿಗಳು. ಮೊಗವೀರರ ಬೊಬ್ಬರಿಯ ಭೂತದ ಗುಡಿಯವರೆಗೆ ಹೋಗಿ ಹಿಂದಿರುಗುತ್ತಾರೆ.

ಇನ್ನು ಘಟ್ಟದ ಮೇಲಣ ಸೀಮೆಯಂತೂ ಗ್ರಂಥದಲ್ಲಿ ಇಲ್ಲವೇ ಇಲ್ಲವೆನ್ನಬೇಕು. ಮಂಗಳೂರನ್ನು ಅಳುಪರು ಆಳುತ್ತಿದ್ದಾಗ ಘಟ್ಟದ ಮೇಲೆ ವಿಷ್ಣುವರ್ಧನನ ರಾಜ್ಯ. ಆ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ನಮ್ಮ ಮೂಡಿಗೆರೆಯ ಅಂಗಡಿ. ಮೆಣಸೂ ಏಲಕ್ಕಿಯೂ ರೇವಿನಲ್ಲಿ ಬೆಳೆಯುವುದಿಲ್ಲ. ಏಲಕ್ಕಿಗೆ ಮುಂಗಡ ಪಡೆದ ‘ಕಾರ್ದಾರ’ನೊಬ್ಬನು ಸರಕು ಕೊಡದೆ ಸತಾಯಿಸಿದ ಪ್ರಸಂಗ ಓಲೆಗಳಲ್ಲಿದೆ, ಬಾಕಿದಾರರಿಗೆ ಏಡನ್ನಿನಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಅವನನ್ನು ಬೆದರಿಸುವಂತೆ ಮಿತ್ರರು ಬರೆದಿದ್ದಾರೆ. ಫಸಲಿಗೆ ಮುಂಚೆ ಹಣವೆಣಿಸಿ ಕೊಟ್ಟು ಏಲಕ್ಕಿಗೆ ಕಾದು ಕುಳಿತ ನಮ್ಮ ಕಡೆಯ ವರ್ತಕರು ಇದನ್ನೋದಿ ನಕ್ಕಾರು. ಆ ಕಾರ್ದಾರನಿಗೆ ಏಲಕ್ಕಿ ಕೊಡಬೇಕಾಗಿದ್ದವನು ಯಾವ ಕಾನಿನವನು, ಆ ವರ್ಷ ಮಳೆ ಹೇಗಿತ್ತು ಎಂಬ ಪ್ರಶ್ನೆಗಳನ್ನು ಗ್ರಂಥಕರ್ತರು ಎತ್ತಲೇ ಇಲ್ಲ. ಏಡನ್ನಿನ ಮಿತ್ರರು ಅವನನ್ನು ಮೋಸಗಾರನೆಂದರೆ ಓದುಗನೂ ಹಾಗೆಯೇ ಎಂದುಕೊಳ್ಳಬೇಕಾಗಿದೆ.

ಆದರೆ ಈ ದೋಷದಲ್ಲಿ ನಮ್ಮ ಪಾಲೂ ಇದೆ. ಶೃಂಗೇರಿ ಮಠದಲ್ಲಿ ಕಡತಗಳನ್ನು ಜೋಪಾನವಾಗಿಟ್ಟಿದ್ದುದರಿಂದಲ್ಲವೆ, 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಟಿಪ್ಪುವಿನ ಪತ್ರಗಳು ದೊರೆತದ್ದು? ಮನೆಮನೆಗಳ ಲೆಕ್ಕಕ್ಕೆ ಆ ಭಾಗ್ಯವಿಲ್ಲ. ನನ್ನ ಅಜ್ಜನವರ ಕಾಲದ ಏಲಕ್ಕಿ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿದ್ದುವು. ಅರ್ಧವನ್ನು ಗೆದ್ದಲು ತಿಂದಿತು. ಉಳಿದುದನ್ನು, ನಾನು ಹುಡುಗನಾಗಿದ್ದಾಗ ಒಂದು ಮಳೆಗಾಲದಲ್ಲಿ, ಸೌದೆ ಹಸಿಯಾಗಿತ್ತೆಂದು ಬಚ್ಚಲೊಲೆಗೆ ಹಾಕಿದೆವು. ಒಂದೊಂದೇ ಹಾಳೆಯನ್ನು ಹರಿದು ಕೊಟ್ಟವನು ನಾನೇ.

ಕೊನೆಯದಾಗಿ ಆಶುವಿನ ವಿಷಯ. 1132ನೆಯ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಆಶುವೆಂಬ ದಾಸಿಯನ್ನು ಬಿಡುಗಡೆಗೊಳಿಸಿ ಪತ್ರವನ್ನು ಬರೆದುಕೊಟ್ಟನು. ಆಕೆಗೆ ‘ಬೆರಾಖಾ’, ಎಂದರೆ ಆಶೀರ್ವಾದ, ಎಂಬ ಹೀಬ್ರೂ ಹೆಸರಾಯಿತು. ಆಕೆಯೇ ಅವನ ಮಕ್ಕಳ ತಾಯಿಯೆಂದು ಘೋಷ್ ಅವರು ಊಹಿಸುತ್ತಾರೆ, ಊಹೆ ಒಪ್ಪತಕ್ಕದ್ದು. ಅವನ ಬಂಧುಗಳಿದ್ದ ಮಹ್ದಿಯಾ ಪಟ್ಟಣವು 1148ರಲ್ಲಿ ಸಿಸಿಲಿಯ ದೊರೆಯ ವಶವಾಯಿತು. ಮರುವರ್ಷ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೊರಟನು. ಮಗಳನ್ನು 1156ರಲ್ಲಿ ಫುಸ್ತಾತಿನಲ್ಲಿ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗನಿಗೇ ಕೊಟ್ಟು ಮದುವೆಮಾಡಿದನು. ಆಶುವು ಜೊತೆಗೆ ಹಡಗು ಹತ್ತಿದಳೆಂಬುದಕ್ಕೆ ದಾಖಲೆಯಿಲ್ಲ. ಮಿತ್ರರ ಓಲೆಗಳಲ್ಲಿ ಮಕ್ಕಳ ಕ್ಷೇಮಸಮಾಚಾರವಿದೆ, ಬೊಮ್ಮನಿಗೂ ಕ್ಷೇಮದ ಮಾತಿದೆ. ಬಿಡುಗಡೆಯ ಪತ್ರವೊಂದನ್ನುಳಿದು ಆಕೆಯ ಹೆಸರು ಬೇರೆಲ್ಲಿಯೂ ಇಲ್ಲ.