ಗಾಜಿನ ತೊಟ್ಟಿಯ ಜೋಡಿ

ವರದೆಯು ತುಂಗಭದ್ರೆಯನ್ನು ಸೇರುವ ಗಳಗನಾಥದ ಸಂಗಮದಲ್ಲಿ ಒಂದು ಮೀನು ಇನ್ನೊಂದನ್ನು ಅಟ್ಟಿದರೆ ಓಡಲು ಎರಡು ನದಿಗಳಿವೆ. ಮನೆಯ ಗಾಜಿನ ತೊಟ್ಟಿಯಲ್ಲಿ ಆ ಅವಕಾಶವಿಲ್ಲ.

ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಮಕ್ಕಳಿಗೆ ಪ್ರಿಯವಾಗಿಸಿದ್ದು 2003ರ ‘ಫೈಂಡಿಂಗ್ ನೀಮೋ’ ಚಲನಚಿತ್ರ. ದಂತವೈದ್ಯನ ತೊಟ್ಟಿಯನ್ನು ಅದು ಸೆರೆಮನೆಯೆಂದೇ ತೋರಿಸಿದ್ದು ಶ್ಲಾಘನೀಯ. ಆದರೆ ಸೆರೆಯಾದ ಮೀನುಗಳೆಲ್ಲ ಗೆಳೆಯರೆಂಬ ಅದರ ಚಿತ್ರಣ ನಮ್ಮನ್ನು ಮೈಮರೆಸುತ್ತದೆ. ನಿಜದಲ್ಲಿ ಈ ಮೀನುಗಳ ಜೋಡಿಯಲ್ಲಿ ಗಾತ್ರದಲ್ಲಿ ಹಿರಿದಾದ ಹೆಣ್ಣೇ ಒಡತಿ. ಅದು ಸತ್ತರೆ ಜೊತೆಯ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಅದುವರೆಗೆ ಹೆಣ್ಣು ಅಟ್ಟಿ, ಕಚ್ಚಿ ಗಂಡನ್ನು ಅಂಕೆಯಲ್ಲಿಡುತ್ತದೆ. ಗಂಡು ಮೈ ನಡುಗಿಸಿ ಶರಣಾಗುತ್ತದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಶರಣಾಗತಿಯೂ ಸಾಲದೆ ದುರ್ಬಲ ಮೀನಿನ ರೆಕ್ಕೆ ಹರಿಯುವುದುಂಟು, ಪ್ರಾಣ ಹೋಗುವುದೂ ಉಂಟು.

ಇದನ್ನು ಮೀನಿನ ಕ್ರೌರ್ಯವೆನ್ನುವುದು ಸುಲಭ. ಅಟ್ಟುವುದು ಅದರ ಸ್ವಭಾವ. ಓಡುವ ದಾರಿಯನ್ನು ಮುಚ್ಚಿದವರು ನಾವು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಬಂಧವನ್ನು, ಪ್ರಹಾರವು ಅನಂತರದ್ದು.

ಈಗಾಗಲೇ ಇಂಥ ಜೋಡಿಯನ್ನು ಸಾಕಿರುವವರು ಪೆಟ್ಟು ತಿನ್ನುತ್ತಿರುವ ಮೀನನ್ನು ಕೂಡಲೇ ಬೇರ್ಪಡಿಸಲಿ. ಕೊಳ್ಳಬೇಕೆಂದಿರುವವರು ಮಕ್ಕಳನ್ನು ಒಮ್ಮೆ ಹೊಳೆಯ ದಡಕ್ಕೆ ಕರೆದೊಯ್ಯಲಿ.