ಅಂಗಿಯ ಮೇಲಿನ ಕುಲನಾಮ

ಅಮೆರಿಕದ ವಾಷಿಂಗ್ಟನ್ ನಗರದ ಫುಟ್‌ಬಾಲ್ ತಂಡವು ಅಲ್ಲಿಯ ಮೂಲನಿವಾಸಿಗಳ ಮೈಬಣ್ಣವನ್ನು ಹೀಗಳೆಯುವ ತನ್ನ ಹಳೆಯ ಹೆಸರನ್ನು 2020ರಲ್ಲಿ ಕೈಬಿಟ್ಟಿತು. ಅದು ಅನ್ಯರು ಇಟ್ಟ ಹೆಸರಾದುದರಿಂದ ನ್ಯಾಯನಿರ್ಣಯ ಸುಲಭವಾಗಿತ್ತು. ನಮ್ಮ ನಾಡಿನ ಪ್ರಶ್ನೆ ಇನ್ನೂ ಕಠಿಣವಾದುದು. ಇಲ್ಲಿ ಕುಲದ ಹೆಸರನ್ನು ಕುಲದವರೇ ಅಭಿಮಾನದಿಂದ ಧರಿಸುತ್ತಾರೆ. ಕುಮಾರಸ್ವಾಮಿ ಲೇಔಟಿನಂತಹ ಬಡಾವಣೆಗಳಿರುವ ಈ ಬೆಂಗಳೂರಿನಲ್ಲಿ ಸಮುದಾಯಗಳ ಹೆಸರಿನ ಕ್ರಿಕೆಟ್ ಪಂದ್ಯಾವಳಿಗಳು ಇಂದು ಅಪರೂಪವಲ್ಲ. ನಮ್ಮ ಜೈನ ತರುಣರೂ ಇದಕ್ಕೆ ಹೊರತಲ್ಲ.

ಈ ಪದ್ಧತಿಯ ದೊಡ್ಡ ಪರೀಕ್ಷೆ ಮುಂಬಯಿಯಲ್ಲಿ ನಡೆದುಹೋಗಿದೆ. ಐರೋಪ್ಯರು ಮತ್ತು ಪಾರಸಿಗಳು ಆಡುತ್ತಿದ್ದ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸಲ್ಮಾನರು ಬಂದು ಸೇರಿದರು. ಯಾವ ಹೆಸರಿಗೂ ಸಲ್ಲದವರಿಗಾಗಿ 1937ರಲ್ಲಿ 'ಇತರರು' ಎಂಬ ತಂಡ ಹುಟ್ಟಿತು. 1943ರ ಅಂತಿಮ ಪಂದ್ಯದಲ್ಲಿ ಕ್ರೈಸ್ತರಾದ ವಿಜಯ್ ಹಜಾರೆಯವರು ಆ ತಂಡದ 387 ಓಟಗಳಲ್ಲಿ 309ನ್ನು ತಾವೊಬ್ಬರೇ ಗಳಿಸಿದರು. ಅಂಥವರ ತಂಡಕ್ಕೂ ದೊರೆತ ಹೆಸರು 'ಇತರರು' ಎಂಬುದೇ. ಜೈನರಿಗೆಂದು ಅಲ್ಲಿ ಬೇರೆ ತಂಡವಿರಲಿಲ್ಲವೆಂಬುದನ್ನೂ ನಾವು ನೆನೆಯಬೇಕು.

ಹೆಸರಿನೊಳಗೆ ಇದ್ದವರ ಪಾಡಾದರೂ ಏನು? ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರು ದಲಿತರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಎಡಗೈ ಬೌಲರ್. ಪುಣೆಯಲ್ಲಿ ಸಹ ಆಟಗಾರರು ಅವರು ಮುಟ್ಟಿದ ಚೆಂಡನ್ನು ಮುಟ್ಟುತ್ತಿದ್ದರು, ಆದರೆ ಚಹಾದ ವೇಳೆಗೆ ಅವರಿಗೆ ಹೊರಗೆ ಬೇರೆ ಮಣ್ಣಿನ ಬಟ್ಟಲು. ಇದನ್ನು ರಾಮಚಂದ್ರ ಗುಹಾ ಅವರು ತಮ್ಮ ಕ್ರಿಕೆಟ್ ಇತಿಹಾಸದಲ್ಲಿ ವಿವರಿಸಿದ್ದಾರೆ. ಹಿಂದೂ ತಂಡದ ನಾಯಕತ್ವ ಬಾಳೂ ಅವರಿಗೆ ಒಲಿಯಲೇ ಇಲ್ಲ. ತಮ್ಮ ವಿಠ್ಠಲರಿಗೆ ಅದು ದಕ್ಕಿದ್ದು 1923ರಲ್ಲಿ. ಧರ್ಮದ ಹೆಸರಿನ ತಂಡವು ಹೊರಗಿನವರನ್ನು ಬೇರ್ಪಡಿಸಿತು, ಒಳಗಿನವರನ್ನು ಒಂದುಮಾಡಲಿಲ್ಲ. ಗಾಂಧೀಜಿಯವರು 1940ರಲ್ಲಿ ಈ ಪಂದ್ಯಾವಳಿಯನ್ನು ವಿರೋಧಿಸಿದರು. 1946ರಲ್ಲಿ ಅದು ನಿಂತಿತು.

ಹಾಗೆಂದು ಎಲ್ಲ ಕುಲನಾಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನೇಕಾಂತ ದೃಷ್ಟಿಗೆ ಒಪ್ಪುವುದಲ್ಲ. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕೊಡಗಿನ ಕರಡದಲ್ಲಿ 60 ಕುಟುಂಬಗಳೊಡನೆ ಆರಂಭವಾದ ಕೊಡವ ಹಾಕಿ ಉತ್ಸವದಲ್ಲಿ ಪ್ರತಿ ತಂಡವೂ ತನ್ನ ಒಕ್ಕದ ಹೆಸರಿನಲ್ಲಿಯೇ ಆಡುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿದ್ದವು. ಹೆಣ್ಣುಮಕ್ಕಳೂ ಹಿರಿಯರೂ ಅದೇ ತಂಡದಲ್ಲಿ ಕೋಲು ಹಿಡಿಯುತ್ತಾರೆ. ಇದು ಕೊಡವರಿಗಷ್ಟೇ ಮೀಸಲು ನಿಜ. ಆದರೆ ಚದುರಿಹೋದ ಒಕ್ಕವು ವರ್ಷಕ್ಕೊಮ್ಮೆ ಕೂಡಲು ಇದೊಂದು ನೆಪ. ಇಲ್ಲಿ ಒಂದು ಒಕ್ಕ ಸೋತರೆ ಇನ್ನೊಂದು ಸಮುದಾಯ ಬೀಗುವುದಿಲ್ಲ. ಮುಂಬಯಿಯಲ್ಲಿ ಬೀಗುವ ಭಯವಿತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೇಳುವಾಗ ಕುಲ, ಜಾತಿ, ಬಲಗಳನ್ನು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ಜಾತಿಯ ಹೆಸರಿನ ತಂಡ ಗೆದ್ದಾಗ ಈ ಮೂರೂ ಒಂದೇ ಸಂಜೆ ಕೂಡಿ ಬರುತ್ತವೆ. (ಬೆಂಗಳೂರಿನ ಐಪಿಎಲ್ ತಂಡದ ಹೆಸರು 2008ರಲ್ಲಿ ಮದ್ಯದ ಹೆಸರಿನಿಂದ ಹುಟ್ಟಿದಾಗ ನಮ್ಮಲ್ಲಿ ಎಷ್ಟು ಮಂದಿ ಆಕ್ಷೇಪಿಸಿದೆವು?)

ಇನ್ನು ನಮ್ಮ ವಿಷಯ. 'ಜೈನ' ಎಂಬುದು ಜಾತಿವಾಚಕವಲ್ಲ. ತನ್ನನ್ನು ತಾನು ಗೆದ್ದ ಜಿನನ ಅನುಯಾಯಿಯೆಂದು ಅದರ ಅರ್ಥ. ಆ ಹೆಸರನ್ನು ಅಂಗಿಯ ಮೇಲೆ ಬರೆಸಿದವರು ಹುಟ್ಟಿನ ದಾಖಲೆ ನೋಡಿ ಆಟಗಾರರನ್ನು ಆರಿಸುವುದು ಶಬ್ದಾರ್ಥಕ್ಕೇ ವಿರುದ್ಧ. ನೆರೆಮನೆಯ ಅಜೈನ ಹುಡುಗನನ್ನು ಬಿಡುವ ತಂಡಕ್ಕೆ ಬಡಾವಣೆಯ ಹೆಸರೇ ಸಾಕು. ಆ ಹೆಸರೇ ಬೇಕೆನ್ನುವವರು ಅದು ಕೇಳುವ ಆಚಾರವನ್ನೂ ಒಪ್ಪಲಿ: ಕೀಟಗಳು ಮುತ್ತಿ ಸಾಯುವ ದೀಪಗಳ ಕೆಳಗೆ ರಾತ್ರಿಯ ಆಟ ಬೇಡ, ಸೂರ್ಯಾಸ್ತದ ಅನಂತರ ವಿಜಯದ ಊಟ ಬೇಡ. ತೊಗಲಿನ ಚೆಂಡಿನ ಬದಲು ಟೆನಿಸ್ ಚೆಂಡಾದರೂ ಇರಲಿ.